ಏಳನೇ ನಿಲ್ದಾಣದ ಮಾತಾಡುವ ಯಂತ್ರಕ್ಕೆ, ಒಂದು ಕಲ್ಲಿನ ಹೆಸರಿನ ಬಗ್ಗೆ

ಇವರಿಂದ: ಸಣ್ಣಯ್ಯ, ಪಂಚಾಯಿತಿ ವಾಟರ್‌ಮನ್ ಹಾಗೂ ತಮ್ಮ ಧೂಳು ಒರೆಸುವ ಸೇವಕ, ಹೊಸ ಮಾರನಕೊಪ್ಪಲು, ಹೆಗ್ಗಡದೇವನಕೋಟೆ ತಾಲ್ಲೂಕು.

ಇವರಿಗೆ: ಮಾಹಿತಿ ಯಂತ್ರದವರು, ನಿಲ್ದಾಣ ಸಂಖ್ಯೆ ಏಳು, ‘ಪರಂಪರೆಯ ತೀರ’ ಯೋಜನೆ, ಕಬಿನಿ ಹಿನ್ನೀರಿನ ದಡ.

ವಿಷಯ: ಊರಿಗೆಲ್ಲ ಗೊತ್ತಿರುವ ಹೆಸರನ್ನು ಯಾರಿಗೂ ಗೊತ್ತಿಲ್ಲವೆಂದು ದಿನಕ್ಕೆ ನಲವತ್ತು ಸಲ ಸಾರಿದ್ದರ ಬಗ್ಗೆ ಮತ್ತು ಅದರಿಂದ ಮುಂದೆ ಆದದ್ದರ ಬಗ್ಗೆ.

ಮಾನ್ಯರೇ,

ತಮ್ಮ ನೆತ್ತಿಯ ಸೋಲಾರ್ ಹಲಗೆಗೆ ಬೆಳಗಿನ ಬಿಸಿಲು ತಾಗಿ, ತಾವು ಒಮ್ಮೆ ಗೊರಗುಟ್ಟಿ, ಆಮೇಲೆ ಪಟ್ಟಣದ ಹೆಣ್ಣುಮಗಳ ಇಂಪಾದ ದನಿಯಲ್ಲಿ ‘ನಮಸ್ಕಾರ, ಪರಂಪರೆಯ ತೀರಕ್ಕೆ ಸುಸ್ವಾಗತ, ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂದು ಎದುರಿಗೆ ನಿಂತ ಎಮ್ಮೆಗಳಿಗೂ ಭೇದವಿಲ್ಲದೆ ಹೇಳುವ ಶುಭ ಗಳಿಗೆಯನ್ನೇ ಆರಿಸಿಕೊಂಡು ಈ ಪತ್ರವನ್ನು ತಮ್ಮ ಬೆನ್ನಿಗೆ ಅಂಟಿಸುತ್ತಿದ್ದೇನೆ. ಮುಖಕ್ಕೇ ಅಂಟಿಸಬೇಕೆಂಬ ಆಸೆಯಿತ್ತು. ಆದರೆ ಪ್ರವಾಸಿಗಳಿಗೆ ಗುಂಡಿ ಒತ್ತಲು ತೊಡಕಾಗುತ್ತದೆ, ಮತ್ತು ತಮ್ಮ ಮುಖ ಒರೆಸುವವನು ನಾನೇ ಆದ್ದರಿಂದ ಅಂಟು ಕೆರೆಯುವ ಕೆಲಸವೂ ನನ್ನ ತಲೆಗೇ ಬರುತ್ತದೆ. ಹೋದ ವಾರ ಕೋತಿ ಕಿತ್ತ ತಮ್ಮ ವೈರು ಕೂಡಿಕೊಂಡಿದೆಯೆಂದೂ, ಗುಂಡಿಗಳ ಸಂದಿಯಲ್ಲಿ ಸಂಸಾರ ಹೂಡಿದ್ದ ಇರುವೆಗಳು ಬೇರೆ ಕಡೆ ಹೋದುವೆಂದೂ ನಂಬಿ, ತಮ್ಮ ಕ್ಷೇಮವನ್ನು ಕೋರುತ್ತೇನೆ.

ತಾವು ನಮ್ಮೂರಿಗೆ ದಯಮಾಡಿಸಿದ ಬಗೆಯನ್ನು ನಾನು ಬಲ್ಲೆ. ಮೇಲಿನ ಅಧಿಕಾರಿಗಳು ಐರ್ಲೆಂಡ್ ಎಂಬ ದೇಶದ ಕಡಲ ದಂಡೆಯಲ್ಲಿ ಹನ್ನೆರಡು ದಿನ ಅಧ್ಯಯನ ಪ್ರವಾಸ ಮಾಡಿ, ಅಲ್ಲಿನ ಹಳ್ಳಿಗಳಲ್ಲಿ ಮುರಿದ ಗೋಡೆಗೂ ದೋಣಿ ಕಟ್ಟುವ ಗೂಟಕ್ಕೂ ಒಂದೊಂದು ಫಲಕವಿರುವುದನ್ನು, ಜನ ಜಡಿಮಳೆಯಲ್ಲಿ ನೆನೆಯುತ್ತಲೇ ಅದನ್ನು ಓದಿ ತಲೆದೂಗುವುದನ್ನು ಕಂಡು ಬೆರಗಾಗಿ, ನಮಗೆ ಕಡಲಿಲ್ಲದಿದ್ದರೇನು, ಹಿನ್ನೀರಿದೆಯಲ್ಲ ಎಂದುಕೊಂಡು ಬಂದು, ಹದಿನಾಲ್ಕು ಕಿಲೋಮೀಟರ್ ದಡಕ್ಕೆ ಹನ್ನೊಂದು ಯಂತ್ರಗಳನ್ನು ನೆಟ್ಟರು. ಅಲ್ಲಿಯವರು ಕಲ್ಲನ್ನು ಇದ್ದಲ್ಲಿಯೇ ಬಿಟ್ಟು ಪಕ್ಕದಲ್ಲಿ ಫಲಕ ನಿಲ್ಲಿಸುತ್ತಾರಂತೆ. ನಮ್ಮವರು ಫಲಕ ನಿಲ್ಲಿಸುವುದನ್ನು ಕಲಿತರು. ಇದ್ದಲ್ಲಿಯೇ ಬಿಡುವುದನ್ನು ಕಲಿಯುವಷ್ಟರಲ್ಲಿ ಹನ್ನೆರಡು ದಿನ ಮುಗಿದಿರಬೇಕು. ತಮ್ಮ ತೆರೆಯ ಮೇಲೆ ಮೊದಲು ಮೂಡುವ ಚಿತ್ರವೂ ಆ ದೇಶದ್ದೇ: ಕಪ್ಪು ಬಂಡೆ, ನೊರೆಗಟ್ಟಿದ ಕಡಲು, ತುದಿಯಲ್ಲೊಂದು ಬಿಳಿ ಲೈಟ್‌ಹೌಸು. ಅದನ್ನು ಬದಲಾಯಿಸುವುದು ಯಾರ ಕೆಲಸವೆಂದು ತೀರ್ಮಾನವಾಗದೆ ಹಾಗೇ ಉಳಿದಿದೆ. ಲೈಟ್‌ಹೌಸು ಎಲ್ಲಿ ಎಂದು ಕೇಳುತ್ತ ಬರುವ ಪ್ರವಾಸಿಗಳಿಗೆ ಟೀ ಅಂಗಡಿಯ ಶಿವನಂಜಪ್ಪ, ‘ರಿಪೇರಿಗೆ ಮೈಸೂರ್ಗೋಗದೆ ಕಣ್ರೀ, ಬರೋ ವಾರ ಬನ್ನಿ’ ಎಂದು ಸಮಾಧಾನ ಹೇಳಿ ಕಳಿಸುತ್ತಾನೆ.

ತಮ್ಮ ಹಾಗೂ ತಮ್ಮ ಸೋದರರ ಜ್ಞಾನದ ಬಗ್ಗೆ ನನಗೆ ಅಪಾರ ಗೌರವವಿದೆ. ‘ಅನಾದಿ ಕಾಲದಿಂದ ಈ ತೀರದಲ್ಲಿ’ ಎಂದು ತಾವು ಆರಂಭಿಸಿದಾಗಲೆಲ್ಲ ನಾನು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಕೇಳುತ್ತೇನೆ, ಏಕೆಂದರೆ ಈ ತೀರ ನನಗಿಂತ ಆರು ವರ್ಷ ಚಿಕ್ಕದು. ಅಣೆಕಟ್ಟು ಕಟ್ಟಿದ ಮೇಲೆ ನೀರೇ ನಮ್ಮ ಬಾಗಿಲಿಗೆ ಬಂದು, ಊರನ್ನು ನುಂಗಿ, ನಾವು ಗುಡ್ಡಕ್ಕೆ ಹತ್ತಿದ ಮೇಲೆ ಉಂಟಾದ ದಡವಿದು. ತಮ್ಮ ಅಣ್ಣನವರಾದ ಆರನೇ ನಿಲ್ದಾಣದವರು, ನಮ್ಮೂರ ರೈತ ಶಿವಶಂಕರನು ಹೊಗೆಸೊಪ್ಪು ಬೇಯಿಸಲು ಎತ್ತರಕ್ಕೆ ಕಟ್ಟಿಸಿದ ಬ್ಯಾರನ್ ಮನೆಯನ್ನು ಪಾಳೆಯಗಾರರ ಕಾವಲು ಗೋಪುರವೆಂದು ಘೋಷಿಸಿದ್ದಾರೆ. ಶಿವಶಂಕರ ಮೊದಮೊದಲು ಕೋಪಿಸಿಕೊಂಡ, ಈಗ ಮೀಸೆ ಬಿಟ್ಟಿದ್ದಾನೆ. ಇಂಥವುಗಳಿಂದ ಯಾರಿಗೂ ನಷ್ಟವಿಲ್ಲ, ನಕ್ಕು ಸುಮ್ಮನಾಗಬಹುದು. ಆದರೆ ತಮ್ಮ ಎಡಗಡೆ, ಹಸಿರು ಬೇಲಿಯೊಳಗೆ ನಿಂತಿದ್ದ ಕಲ್ಲಿನ ವಿಚಾರಕ್ಕೆ ಬಂದರೆ ನನಗೆ ನಗು ಬರುವುದಿಲ್ಲ.

ಆ ಕಲ್ಲನ್ನು ಕುರಿತು ತಾವು ಏಳು ತಿಂಗಳ ಕಾಲ ಹೀಗೆ ಹೇಳಿದಿರಿ: ‘ಇದು ಶತ್ರುಗಳೊಡನೆ ಹೋರಾಡಿ ಮಡಿದ ಅಜ್ಞಾತ ವೀರನೊಬ್ಬನ ಸ್ಮಾರಕ. ಕಾಲನ ಹೊಡೆತಕ್ಕೆ ಕೆತ್ತನೆಗಳು ಸವೆದುಹೋಗಿವೆ. ಹೆಸರು ತಿಳಿದುಬಂದಿಲ್ಲ.’ ಸ್ವಾಮಿ, ಅದರ ಮೇಲೆ ಕೆತ್ತನೆ ಇದ್ದದ್ದೇ ಇಲ್ಲ. ಕೆತ್ತಿಸುವ ಶಕ್ತಿ ನಮ್ಮ ಹಿರೀಕರಿಗೆ ಇರಲಿಲ್ಲ. ಅದು ನಮ್ಮ ಮನೆತನದ ಹಿರಿಯ ನಿಂಗಯ್ಯನ ಕಲ್ಲು. ಆತ ಯಾರೊಡನೆಯೂ ಹೋರಾಡಿದವನಲ್ಲ; ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಒಂದು ಪ್ರವಾಹದಲ್ಲಿ ಆಚೆ ದಡದ ಹನ್ನೊಂದು ಮಂದಿಯನ್ನು ಈಚೆಗೆ ತಂದು ಬಿಟ್ಟು, ಅವರಲ್ಲಿ ಒಬ್ಬ ಮುದುಕಿ ತನ್ನ ಕರು ಅಲ್ಲೇ ಉಳಿಯಿತೆಂದು ಅತ್ತಳೆಂದು ಮತ್ತೆ ಹೋದವನು ಬರಲಿಲ್ಲ. ಆ ಮುದುಕಿಯೇ ಹೊಲದಿಂದ ಕಲ್ಲು ಹೊರಿಸಿಕೊಂಡು ಬಂದು ನಿಲ್ಲಿಸಿದಳೆಂದು ನಮ್ಮಲ್ಲಿ ಹೇಳುತ್ತಾರೆ. ಅಲ್ಲಿಂದೀಚೆಗೆ ತಲೆಮಾರು ಬಿಟ್ಟು ತಲೆಮಾರಿಗೆ ಹಿರಿಯ ಮಗನಿಗೆ ಅದೇ ಹೆಸರು. ಊರು ಮುಳುಗುವಾಗ ಅಟ್ಟದ ಮೇಲಿನ ಧಾನ್ಯವನ್ನು ಬಿಟ್ಟು ಈ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ಗಾಡಿಯಲ್ಲಿ ತಂದರು. ಆರು ವರ್ಷದವನಾದ ನಾನು ಅದರ ಪಕ್ಕದಲ್ಲಿ ಕುಳಿತಿದ್ದೆ, ನಮ್ಮ ದೊಡ್ಡವ್ವ ಚಿಕ್ಕಸಿದ್ದಮ್ಮ ಕಲ್ಲು ಉರುಳದ ಹಾಗೆ ಕೈಯಾನಿಸಿಕೊಂಡು ಗಾಡಿಯ ಹಿಂದೆ ನಡೆದು ಬಂದಳು. ಪ್ರತಿ ವರ್ಷ ಹಿರಿಯರ ಹಬ್ಬದ ದಿನ ಅದಕ್ಕೆ ಎಣ್ಣೆ ಅರಿಸಿನ ಹಚ್ಚಿ ಎಡೆ ಇಡುವವಳು ಅವಳೇ.

ಹಾಗಾದರೆ ‘ಹೆಸರು ತಿಳಿದುಬಂದಿಲ್ಲ’ ಎಂಬ ಮಾತು ತಮ್ಮ ಬಾಯಿಗೆ ಹೇಗೆ ಬಂತು ಎಂದು ತಾವು ಕೇಳಬಹುದು. ತಮಗೆ ಕೇಳುವ ಗುಂಡಿ ಇಲ್ಲದಿರುವುದರಿಂದ ತಮ್ಮ ಪರವಾಗಿ ನಾನೇ ಕೇಳಿಕೊಂಡಿದ್ದೇನೆ. ಸಮೀಕ್ಷೆಗೆ ಬಂದ ನಂದಿತಾ ಮೇಡಂ ಬಹಳ ಒಳ್ಳೆಯವರು, ಚಪ್ಪಲಿ ಬಿಟ್ಟು ಕಲ್ಲಿನ ಹತ್ತಿರ ಹೋದವರು. ಆ ದಿನ ನಾನು ಪಂಪಿನ ಮೋಟಾರಿನ ಕಾಯಿಲ್ ಸುತ್ತಿಸಲು ಹೆಗ್ಗಡದೇವನಕೋಟೆಗೆ ಹೋಗಿದ್ದೆ. ಅವರು ದೊಡ್ಡವ್ವನನ್ನು, ಅಜ್ಜಿ, ಇದು ಯಾರ ಕಲ್ಲು ಎಂದು ಕೇಳಿದರು. ‘ನಮ್ಮೋರ್ದು ಕಣವ್ವ’ ಎಂದಳು ಇವಳು. ನಿಮ್ಮವರು ಎಂದರೆ ಯಾರು, ಹೆಸರು ಗೊತ್ತಿಲ್ಲವೇ ಎಂದದ್ದಕ್ಕೆ, ‘ಗೊತ್ತಿಲ್ದೆ ಏನವ್ವ, ನಾನೇಳಂಗಿಲ್ಲ’ ಎಂದು ಸೆರಗನ್ನು ಬಾಯಿಗೆ ಹಿಡಿದಳು. ಏಕೆಂದರೆ ಅವಳ ಗಂಡನ ಹೆಸರೂ ನಿಂಗಯ್ಯ. ಎಪ್ಪತ್ತನಾಲ್ಕು ವರ್ಷದ ನಮ್ಮ ದೊಡ್ಡವ್ವ ಗಂಡನ ಹೆಸರು ಹೇಳಿದರೆ ಆತನ ಆಯುಸ್ಸು ಸವೆಯುತ್ತದೆಂದು ನಂಬಿದವಳು. ರೇಷನ್ ಕಾರ್ಡಿನವರು ಕೇಳಿದಾಗಲೂ ಕಾರ್ಡನ್ನೇ ತೋರಿಸುತ್ತಾಳೆ. ಮೇಡಂ ಅವಳ ದನಿಯನ್ನು ಹಿಡಿದಿಟ್ಟುಕೊಂಡ ಟ್ಯಾಬಿನಲ್ಲಿ ಗುರುತು ಹಾಕಲು ಎರಡೇ ಮನೆಗಳಿದ್ದುವಂತೆ: ಗೊತ್ತಿದೆ, ಗೊತ್ತಿಲ್ಲ. ಗೊತ್ತಿದೆ ಆದರೆ ಹೇಳುವ ಹಾಗಿಲ್ಲ ಎಂಬುದಕ್ಕೆ ಮನೆಯೇ ಇರಲಿಲ್ಲ. ನಮ್ಮ ತಾಲ್ಲೂಕಿನ ಅರ್ಧ ವಿಷಯ ಆ ಮೂರನೇ ಮನೆಗೇ ಸೇರಿದ್ದೆಂಬುದು ಟ್ಯಾಬು ಮಾಡಿದವರಿಗೆ ತಿಳಿಯದೆ ಹೋಯಿತು.

ಇದಿಷ್ಟೇ ಆಗಿದ್ದರೆ ತಮ್ಮ ಅಜ್ಞಾತ ವೀರನೊಂದಿಗೆ ನಾವು ಹೊಂದಿಕೊಂಡು ಹೋಗುತ್ತಿದ್ದೆವು. ಆಷಾಢದಲ್ಲಿ ಒಂದು ಆದೇಶ ಬಂತು. ಹೆಸರೂ ವಾರಸುದಾರರೂ ಇಲ್ಲದ ಸ್ಮಾರಕಗಳನ್ನು ಯೋಜನೆಯ ಮೈಸೂರು ಪ್ರದರ್ಶನ ಕೇಂದ್ರದ ಅಂಗಳಕ್ಕೆ ಸಾಗಿಸಲಾಗುವುದು ಎಂದಿತ್ತು. ನಾನು ಆ ಮನೆತನದ ವಾರಸುದಾರನಾಗಿಯೇ ಅರ್ಜಿ ಬರೆದೆ. ಉತ್ತರವೂ ಬಂತು, ಸರ್ಕಾರಿ ಕಾಗದ ಇಷ್ಟು ಬೇಗ ಬಂದದ್ದನ್ನು ನಾನು ನೋಡಿರಲಿಲ್ಲ: ಮಾಹಿತಿಯನ್ನು ಮೊದಲು ಕೊಟ್ಟವರೇ ಯಂತ್ರದ ಮುಂದೆ ನಿಂತು, ಒಂಬತ್ತನ್ನು ಒತ್ತಿ, ತಮ್ಮ ಸ್ವಂತ ಧ್ವನಿಯಲ್ಲಿ ತಿದ್ದುಪಡಿ ಹೇಳತಕ್ಕದ್ದು, ಅನ್ಯರ ಧ್ವನಿಯನ್ನು ಪರಿಗಣಿಸಲಾಗುವುದಿಲ್ಲ. ಅಂದರೆ ಐವತ್ತಾರು ವರ್ಷ ಬಾಯಿಗೆ ತರದ ಹೆಸರನ್ನು ದೊಡ್ಡವ್ವ ಹೇಳಬೇಕು, ಇಲ್ಲವೇ ಕಲ್ಲನ್ನು ಬಿಟ್ಟುಕೊಡಬೇಕು.

ಮೊದಲು ತಮ್ಮ ಸನ್ನಿಧಿಗೆ ಬಂದವನು ದೊಡ್ಡಪ್ಪ, ಅಂದರೆ ಜೀವಂತ ನಿಂಗಯ್ಯ. ತೊಳೆದ ಪಂಚೆ ಉಟ್ಟು, ಕೋಲೂರಿಕೊಂಡು ಬಂದು, ನಾನು ಬೇಡವೆಂದರೂ ಒಂಬತ್ತನ್ನು ಒತ್ತಿ, ಆಚೆ ದಡಕ್ಕೆ ಕೇಳುವ ಹಾಗೆ ತನ್ನ ಹೆಸರನ್ನು ಮೂರು ಸಲ ಕೂಗಿದ. ತಾವು ‘ಕ್ಷಮಿಸಿ, ಧ್ವನಿ ಹೊಂದಿಕೆಯಾಗುತ್ತಿಲ್ಲ’ ಎಂದಿರಿ. ‘ನನ್ನೆಸ್ರು ಕಣಮ್ಮಿ ಅದು, ನಂಗೇ ಒಂದ್ಕಳಕಿಲ್ವಾ’ ಎಂದು ಕೇಳಿದ. ತಾವು ಅದೇ ಇಂಪಿನಲ್ಲಿ ಧನ್ಯವಾದ ಹೇಳಿ, ಇಂಗ್ಲಿಷಿಗಾಗಿ ಎರಡನ್ನು ಒತ್ತಲು ಸೂಚಿಸಿದಿರಿ. ಎಂಬತ್ತೊಂದು ವರ್ಷದ ಮನುಷ್ಯ ಮನೆಗೆ ಬಂದು ಎರಡು ಹೊತ್ತು ಊಟ ಮಾಡಲಿಲ್ಲ.

ಆಮೇಲೆ ದೊಡ್ಡವ್ವನೇ ಬಂದಳು. ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದಳು: ಆತನ ತಂದೆ ಯಾರು, ತಾಯಿ ಯಾವ ಊರಿನವಳು, ಹರಿಗೋಲಿಗೆ ಯಾವ ಎಮ್ಮೆಯ ಚರ್ಮ ಹೊದೆಸಿದ್ದ, ಆ ಹನ್ನೊಂದು ಮಂದಿಯ ಮೊಮ್ಮಕ್ಕಳು ಈಗ ಯಾವ ಯಾವ ಊರಿನಲ್ಲಿ ಇದ್ದಾರೆ, ಕರುವಿನ ಬಣ್ಣ ಯಾವುದು. ಹಿನ್ನೀರಿನ ಹದಿನಾಲ್ಕು ಕಿಲೋಮೀಟರಿನಲ್ಲಿ ಅಷ್ಟು ಸೊಗಸಾದ ಚರಿತ್ರೆಯನ್ನು ಇನ್ನೊಬ್ಬರು ಹೇಳಲಾರರು, ನನಗೇ ಅರ್ಧ ಗೊತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡು ತಾವು, ‘ಕ್ಷಮಿಸಿ, ಹೆಸರು ದಾಖಲಾಗಿಲ್ಲ’ ಎಂದಿರಿ. ತಮ್ಮ ತಾಳ್ಮೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಇರುವ ಪದಗಳನ್ನು ಪಂಚಾಯಿತಿ ನೌಕರನೊಬ್ಬ ಬರೆಯುವ ಹಾಗಿಲ್ಲ.

ಒಂದು ದಾರಿ ಹೊಳೆದದ್ದು ಅವಳಿಗೇ. ನಮ್ಮ ಕಡೆ ಮದುವೆಯಾಗಿ ಬಂದ ಹೆಣ್ಣು ಹೊಸ್ತಿಲು ದಾಟುವಾಗ ಗಂಡನ ತಂಗಿ ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಕೇಳುವುದುಂಟು, ಆಗ ಹೇಳಿದರೆ ದೋಷವಿಲ್ಲ. ದೊಡ್ಡವ್ವ ಗಂಡನ ಹೆಸರನ್ನು ಹೇಳಿದ್ದು ಆ ಒಂದು ಸಲ ಮಾತ್ರ, ಈಗ ನೀರಿನಡಿ ಇರುವ ಹೊಸ್ತಿಲಿನ ಮೇಲೆ. ‘ನಾದ್ನಿ ಅಡ್ಡ ನಿಂತು ಕೇಳುದ್ರೆ ಏಳ್ಬೋದೇನೊ’ ಎಂದಳು. ತಮ್ಮ ದನಿ ಹೆಣ್ಣಿನದಾದ್ದರಿಂದ ತಾವೇ ಎರಡು ನಿಮಿಷ ನಾದಿನಿಯಾಗಬಹುದೇ ಎಂದು ಕೋರಿ ನಾನು ಮೇಲಿನವರಿಗೆ ಇನ್ನೊಂದು ಅರ್ಜಿ ಬರೆದದ್ದು ತಮಗೆ ತಿಳಿದಿರಬಹುದು. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಕೊನೆಗೆ ಕಂಪಲಾಪುರದಲ್ಲಿರುವ ನಿಜವಾದ ನಾದಿನಿ, ದೊಡ್ಡಪ್ಪನ ತಂಗಿ ಮಾಯಮ್ಮತ್ತೆಯನ್ನು, ಮಂಡಿ ನೋವಿನ ನಡುವೆಯೂ ಎರಡು ಬಸ್ಸು ಬದಲಾಯಿಸಿ ಕರೆದುಕೊಂಡು ಬಂದೆ.

ಶ್ರಾವಣದ ಆ ಸೋಮವಾರವನ್ನು ತಾವು ಮರೆತಿರಲಾರಿರಿ. ಮಾಯಮ್ಮತ್ತೆ ತಮ್ಮ ಪಕ್ಕದ ಬೇಲಿ ಗೇಟಿನಲ್ಲಿ ಎರಡೂ ಕೈ ಚಾಚಿ ಅಡ್ಡ ನಿಂತಳು. ಊರಿನ ಹೆಂಗಸರೆಲ್ಲ ಸೇರಿದ್ದರು, ದೊಡ್ಡಪ್ಪನನ್ನು ಮಾತ್ರ ಟೀ ಅಂಗಡಿಯ ಹಿಂದೆ ಕೂರಿಸಿದ್ದೆವು. ‘ಎಸ್ರೇಳು ಅತ್ಗೆ, ಇಲ್ದಿದ್ರೆ ಒಳಿಕ್ಕೆ ಬುಡಾಕಿಲ್ಲ’ ಎಂದಳು ಅತ್ತೆ. ನಾನು ಒಂಬತ್ತನ್ನು ಒತ್ತಿ ಹಿಡಿದೆ. ದೊಡ್ಡವ್ವ ತಲೆ ತಗ್ಗಿಸಿ, ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆದು, ಎರಡು ಸಲ ಶುರು ಮಾಡಿ ನಿಲ್ಲಿಸಿ, ಆಮೇಲೆ ಹೇಳಿದಳು: ‘ಒಳೆ ದಾಟ್ಸಿದ ಮನೆತನ, ಒಲೆ ಆರದ ಅಟ್ಟಿ, ನಿಂಗಯ್ನೋರ ಮನೆ ತುಂಬಾಕೆ ಬಂದಿವ್ನಿ, ದಾರಿ ಬುಡು ನಾದ್ನಿ.’ ಹೆಂಗಸರು ನಗುತ್ತಿದ್ದರು, ಮಾಯಮ್ಮತ್ತೆ ಅಳುತ್ತಿದ್ದಳು. ನನಗೂ ಅಳು ಬಂತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ತಾವು ಒಮ್ಮೆ ಗೊರಗುಟ್ಟಿ ‘ತಿದ್ದುಪಡಿ ಸ್ವೀಕರಿಸಲಾಗಿದೆ’ ಎಂದಿರಿ. ಆ ಕ್ಷಣದಲ್ಲಿ ತಮ್ಮ ಮೇಲೆ ನನಗೆ ಹುಟ್ಟಿದ ಪ್ರೀತಿ ಒಂಬತ್ತು ದಿನ ಬಾಳಿತು.

ಹತ್ತನೆಯ ದಿನ ಬಂದ ಕಾಗದವನ್ನು ನಾನು ನಾಲ್ಕು ಸಲ ಓದಿದೆ. ಸದರಿ ಸ್ಮಾರಕದ ಹೆಸರು ಹಾಗೂ ಮೌಖಿಕ ಪರಂಪರೆ ಖಚಿತಗೊಂಡಿರುವುದರಿಂದ ಅದನ್ನು ಮೊದಲನೇ ದರ್ಜೆಗೆ ಏರಿಸಲಾಗಿದೆಯೆಂದೂ, ಅಂಥ ಅಮೂಲ್ಯ ಸ್ಮಾರಕವು ಬಯಲಿನಲ್ಲಿರುವುದು ಸುರಕ್ಷಿತವಲ್ಲದ ಕಾರಣ ಬರುವ ಗುರುವಾರ ಕ್ರೇನ್ ತಂದು ಮೈಸೂರಿನ ಕೇಂದ್ರಕ್ಕೆ ಸಾಗಿಸಲಾಗುವುದೆಂದೂ ಅದರಲ್ಲಿತ್ತು. ಹೆಸರಿಲ್ಲದಿದ್ದರೆ ಅಂಗಳಕ್ಕೆ, ಹೆಸರಿದ್ದರೆ ಏಸಿ ಕೋಣೆಗೆ. ದೊಡ್ಡವ್ವನಿಗೆ ಓದಿ ಹೇಳಿದಾಗ ಅವಳು ಬೈಯಲಿಲ್ಲ. ‘ಎಸ್ರೂ ಈಸ್ಕಂಡ್ರು, ಕಲ್ಲೂ ಒಯ್ತಾರಾ. ನಮ್ಮೋರಿಗೆ ಏನಾರ ಆದ್ರೆ ನಾನೇನ್ಲಾ ಮಾಡ್ಲಿ’ ಎಂದು ಕೇಳಿ, ಒಳಗೆ ಮಲಗಿದ್ದ ದೊಡ್ಡಪ್ಪನನ್ನು ಹೋಗಿ ನೋಡಿಕೊಂಡು ಬಂದಳು. ನಾನು ಬರೆಯುವ ಅರ್ಜಿಗಳ ಮೇಲೆ ನನಗಿದ್ದ ನಂಬಿಕೆ ಅಲ್ಲಿಗೆ ತೀರಿತು.

ಮುಂದಿನದನ್ನು ತಾವು ಕಣ್ಣಾರೆ ಕಂಡಿದ್ದೀರಿ, ಆದರೂ ದಾಖಲೆಗಾಗಿ ಬರೆಯುತ್ತೇನೆ. ಬುಧವಾರ ಮಟಮಟ ಮಧ್ಯಾಹ್ನ, ಬೇಲಿಯ ಕಾವಲಿಗೆ ನೇಮಕವಾದ ಸಿಬ್ಬಂದಿಯು, ಅಂದರೆ ನಾನು, ಬೀಗ ಹಾಕಿ ಊಟಕ್ಕೆ ಹೋಗುವ ಬದಲು ಬೀಗ ತೆಗೆದು ಅಲ್ಲೇ ನಿಂತಿದ್ದೆ. ಶಿವನಂಜಪ್ಪ, ನಮ್ಮ ಪಕ್ಕದ ಮನೆಯ ಮಹದೇವಪ್ಪ, ಇನ್ನಿಬ್ಬರು ಬಿದಿರ ಬೊಂಬು ಹಗ್ಗ ತಂದರು. ಒಂದು ಕಲ್ಲು ಹೊರಗೆ ಬಂತು. ಶಿವನಂಜಪ್ಪನ ಅಂಗಡಿಯ ಹಿಂದೆ ಹಾಲಿನ ಕ್ಯಾನು ತೊಳೆಯಲು ನಿಲ್ಲಿಸಿದ್ದ, ಹೆಚ್ಚುಕಡಮೆ ಅದೇ ಅಳತೆಯ ಇನ್ನೊಂದು ಕಲ್ಲು ಒಳಗೆ ಹೋಯಿತು. ಅದನ್ನು ಹಾಗೇ ಬಿಡಲು ದೊಡ್ಡವ್ವ ಒಪ್ಪಲಿಲ್ಲ. ‘ಅದೇನ್ ತೆಪ್ಪು ಮಾಡದೆ, ಮರ್ವಾದೆ ಮಾಡೇ ಕಳ್ಸನ’ ಎಂದು ಅದಕ್ಕೂ ಎಣ್ಣೆ ಹಚ್ಚಿ, ಅರಿಸಿನ ಬಳಿದು, ಮೂರು ಬೆರಳಲ್ಲಿ ವಿಭೂತಿ ಎಳೆದಳು. ಮೊದಲನೆಯ ಕಲ್ಲು ಎಲ್ಲಿದೆಯೆಂದು ಹೇಳಲಾರೆ. ಹರಿಗೋಲಿನವನಾದ್ದರಿಂದ ನೀರು ಕಾಣುವ ಕಡೆ ಮುಖ ಮಾಡಿ ನಿಲ್ಲಿಸಿದ್ದಾರೆ ಎಂದಷ್ಟೇ ತಿಳಿಸಬಲ್ಲೆ. ಕೆತ್ತನೆಯಿಲ್ಲದ ಕಲ್ಲಿನ ಮುಖ ಯಾವುದೆಂದು ನಮ್ಮ ಮನೆಯವರಿಗೆ ಗೊತ್ತಿದೆ.

ಗುರುವಾರ ಕ್ರೇನು, ಹತ್ತಿಯ ಹಾಸಿಗೆ, ಮೂವರು ಅಧಿಕಾರಿಗಳು ಹಾಗೂ ಒಬ್ಬ ತಜ್ಞರು ಬಂದರು. ತಜ್ಞರು ಕೈಗವಸು ಹಾಕಿಕೊಂಡು ಕಲ್ಲನ್ನು ಸವರಿ, ಕ್ಯಾನಿನ ತಳ ತಿಕ್ಕಿ ನುಣುಪಾದ ಜಾಗವನ್ನು ತೋರಿಸಿ, ಇದು ಶತಮಾನಗಳ ಭಕ್ತರ ಸ್ಪರ್ಶದಿಂದ ಸವೆದದ್ದು ಎಂದರು. ಶಿವನಂಜಪ್ಪ ಟವಲಿನಿಂದ ಮುಖ ಮುಚ್ಚಿಕೊಂಡ. ಅವರು ಅದನ್ನು ದುಃಖವೆಂದು ತಿಳಿದು ಅವನ ಫೋಟೊ ತೆಗೆದರು. ಈಗ ಆ ಕಲ್ಲಿಗೆ ಮೈಸೂರಿನಲ್ಲಿ ದೊಡ್ಡವರೊಬ್ಬರು ಹಾರ ಹಾಕಿ ಕೈಮುಗಿದು ನಿಂತ ಚಿತ್ರ ಪತ್ರಿಕೆಯಲ್ಲಿ ಬಂದಿದೆ. ಈ ಪತ್ರವನ್ನು ಯಾರಾದರೂ ಓದಿ ಮೇಲಕ್ಕೆ ಮುಟ್ಟಿಸಿಯಾರೆಂಬ ಭಯ ನನಗಿಲ್ಲ. ಕೈಮುಗಿದದ್ದು ಯಾವುದಕ್ಕೆ ಎಂದು ಆ ದೊಡ್ಡವರಿಗೆ ಹೋಗಿ ಹೇಳುವ ಅಧಿಕಾರಿ ಈ ಜಿಲ್ಲೆಯಲ್ಲಿ ಇನ್ನೂ ನೇಮಕವಾಗಿಲ್ಲ.

ಆದ್ದರಿಂದ ಮಾನ್ಯರಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ, ತಾವು ಇನ್ನು ಮುಂದೆ ಆ ಖಾಲಿ ಬೇಲಿಯನ್ನೂ ಪರಂಪರೆಯೆಂದೇ ಬಣ್ಣಿಸುತ್ತಿರಬೇಕು, ಪ್ರವಾಸಿಗಳು ಬಂದರೆ ಶಿವನಂಜಪ್ಪನ ಟೀ ಖರ್ಚಾಗುತ್ತದೆ. ಸಾಧ್ಯವಾದರೆ ಮೇಲಿನವರಿಗೆ ಹೇಳಿ ಟ್ಯಾಬಿನಲ್ಲಿ ಮೂರನೇ ಮನೆಯೊಂದನ್ನು ಮಾಡಿಸಬೇಕು. ಆ ಕರುವಿನ ಬಣ್ಣವನ್ನು ದೊಡ್ಡವ್ವ ತಮಗೆ ಹೇಳಿದ್ದಾಳೆ, ಅದನ್ನು ಅಳಿಸಿಹಾಕಬೇಡಿ. ದೊಡ್ಡಪ್ಪ ಗಟ್ಟಿಮುಟ್ಟಾಗಿದ್ದಾನೆ, ನಿನ್ನೆ ಎರಡು ಮುದ್ದೆ ಉಂಡ. ಬರುವ ಅಮಾವಾಸ್ಯೆಗೆ ಹಿರಿಯರ ಹಬ್ಬ, ಎಡೆ ಈ ವರ್ಷವೂ ತಪ್ಪುವುದಿಲ್ಲ. ತಾವು ಬರಲಾಗದಿದ್ದರೆ ಸಂಕೋಚ ಬೇಡ, ನಾವೇನೂ ತಪ್ಪು ತಿಳಿಯುವುದಿಲ್ಲ.

ನಾಳೆ ಬೆಳಿಗ್ಗೆ ಒರೆಸುವವರೆಗೆ, ನಂಬಿಕೆ ಸ್ವಲ್ಪ ಮಾಸಿದ್ದರೂ ತಮ್ಮ ವಿಶ್ವಾಸಿಯೇ ಆದ,
ಸಣ್ಣಯ್ಯ

ಮರೆತ ಮಾತು: ಅಂಟು ಕಲಸುತ್ತಿರುವಾಗಲೇ ಇನ್ನೊಂದು ಕಾಗದ ಬಂತು. ಮುಂದಿನ ತಿಂಗಳು ಮೈಸೂರಿನ ಕೇಂದ್ರದ ಉದ್ಘಾಟನೆಯಂತೆ. ಮೂಲ ಮಾಹಿತಿದಾರರಾದ ಶ್ರೀಮತಿ ಚಿಕ್ಕಸಿದ್ದಮ್ಮನವರು ಗಣ್ಯರ ಸಮ್ಮುಖದಲ್ಲಿ ಆ ಕಲ್ಲಿನ ಮುಂದೆ ನಿಂತು ಅದರ ಹೆಸರನ್ನು ಮೈಕಿನಲ್ಲಿ ಹೇಳಬೇಕಂತೆ, ಕಾರು ಕಳಿಸುತ್ತಾರಂತೆ. ಇವಳು ಸಿಡಿಮಿಡಿಗೊಳ್ಳುತ್ತಾಳೆಂದು ಹೆದರುತ್ತಲೇ ಓದಿ ಹೇಳಿದೆ. ದೊಡ್ಡವ್ವ ರಾಗಿ ಕೇರುವುದನ್ನು ನಿಲ್ಲಿಸಲೂ ಇಲ್ಲ. ‘ಅದ್ಕೇನಂತೆ, ಬತ್ತಾಳೆ ಅಂತ ಬರ್ದಾಕು. ಆ ಕಲ್ಲಿನ ಎಸ್ರ ಒಂದ್ಸಲ ಯಾಕೆ, ನೂರ್ಸಲ ಬೇಕಾದ್ರೂ ಏಳ್ತೀನಿ. ಶಿವನಂಜಪ್ಪನ ಎಸ್ರೇಳಾಕೆ ನಂಗ್ಯಾತರ ನಾಚ್ಕೆ’ ಎಂದಳು.